ಚೀತಾ ಗೇಟಿನ ಕುಂಬಳಕಾಯಿ

ನಾನು ಆಫ್ರಿಕಾಕ್ಕೆ ಹೋದದ್ದು ಅಬುಧಾಬಿಯಿಂದ, ಮೊದಲು ಬಸ್ಸಿನಲ್ಲಿ, ಆಮೇಲೆ ಬೋಟಿನಲ್ಲಿ. ಪಾಸ್‌ಪೋರ್ಟಿಗೆ ಮುದ್ರೆಯೂ ಬೀಳಲಿಲ್ಲ. ಬೋಟು ಇಳಿದು ಗೇಟು ದಾಟಿದರೆ ಎದುರಿಗೆ ಜಿರಾಫೆಗಳು, ಅವುಗಳ ಕಾಲಿನ ಸಂದಿಯಲ್ಲಿ ಸಮುದ್ರ. ಯಾರೋ ದೊಡ್ಡ ಮನಸ್ಸು ಮಾಡಿ ಆ ದ್ವೀಪದ ಮರಳಿನ ಮೇಲೆ ಗಿಡ ನೆಟ್ಟು, ಪೈಪಿನಲ್ಲಿ ನೀರು ಹರಿಸಿ, ಆಫ್ರಿಕಾದ ಪ್ರಾಣಿಗಳನ್ನು ತಂದು ಬಿಟ್ಟಿದ್ದರು. ಪ್ರವಾಸಿಗರು ತೆರೆದ ಜೀಪಿನಲ್ಲಿ ಕುಳಿತು ಅವನ್ನು ನೋಡುತ್ತಿದ್ದರು. ತಾವು ಎಲ್ಲಿದ್ದೇವೆ ಎಂಬ ಅನುಮಾನ ಜಿರಾಫೆಗಳಿಗೆ ಬಂದ ಹಾಗೆ ಕಾಣಲಿಲ್ಲ. ನನಗೆ ಮಾತ್ರ ಬಂದಿತ್ತು.

ಅದಕ್ಕೆ ಮೊದಲು ದುಬೈಯ ಅಲ್ ಬರ್ಷಾದ ಒಂದು ಕಂಪೆನಿಯಲ್ಲಿ ಕಡತಗಳಿಗೆ ನಂಬರು ಹಾಕಿ ಕಪಾಟಿನಲ್ಲಿಡುವುದು ನನ್ನ ಕೆಲಸವಾಗಿತ್ತು. ಎಣ್ಣೆಯ ಬೆಲೆ ಬಿದ್ದ ವರ್ಷ ಕಂಪೆನಿ ಬಾಗಿಲು ಹಾಕಿತು. ಮುಚ್ಚುವ ಸುದ್ದಿ ಬಂದ ದಿನದಿಂದ ನಾಲ್ಕು ತಿಂಗಳು ಅರ್ಜಿ ಗೀಚಿದ ಮೇಲೆ ಸಿಕ್ಕಿದ್ದು ಇದೊಂದೇ: ದ್ವೀಪದ ಜೀಪುಗಳಲ್ಲಿ ಯಾವುದು ಎಷ್ಟು ಹೊತ್ತಿಗೆ ಹೋಗಬೇಕು, ಯಾವುದಕ್ಕೆ ಡೀಸೆಲ್ ಬೇಕು, ಯಾವುದರ ಟೈರು ಸವೆದಿದೆ ಎಂದು ನೋಡಿಕೊಳ್ಳುವುದು. ಸುದ್ದಿ ಕೇಳಿ ಹೆಂಡತಿ ಒಲೆ ಆರಿಸಿ ಬಂದು ನಿಂತಳು.

"ಜಿರಾಫೆ ಕಾಯ್ಲಿಕ್ಕೆ ನಿಮ್ಮಪ್ಪ ಬಿ.ಕಾಂ. ಓದಿಸಿದ್ದಾ?" ಎಂದಳು.

"ಜಿರಾಫೆ ಅಲ್ಲ, ಜೀಪು."

"ಎರಡಕ್ಕೂ ಹುಲ್ಲು ನೀವೇ ಹಾಕುದಲ್ವಾ?"

ಒಂದನೇ ಕ್ಲಾಸಿನ ಮಗಳು ಮಾತ್ರ ಗಂಭೀರವಾಗಿ, "ಆರ್ ದೇ ರಿಯಲ್?" ಎಂದು ಕೇಳಿದಳು. ರಿಯಲ್ ಎಂದೆ. ಮರುದಿನವೇ ಅವಳು ಶಾಲೆಯಲ್ಲಿ ನಮ್ಮಪ್ಪ ಸಿಂಹ ಹಿಡಿಯುತ್ತಾನೆ ಎಂದು ಹೇಳಿ ಬಂದಳು.

ಅವರಿಬ್ಬರೂ ಅಲ್ ಬರ್ಷಾದ ಒಂದು ಕೋಣೆಯ ಫ್ಲ್ಯಾಟಿನಲ್ಲಿಯೇ ಉಳಿದರು. ನಾನು ದ್ವೀಪದಲ್ಲಿ, ವಾರಕ್ಕೊಮ್ಮೆ ಮನೆಗೆ. ಮೊದಲ ಆರು ತಿಂಗಳು ಪ್ರೊಬೇಷನ್. ಅವರಿಬ್ಬರ ವೀಸಾ ನನ್ನ ವೀಸಾಕ್ಕೆ ಗಂಟು ಹಾಕಿಕೊಂಡಿತ್ತು. ನನ್ನದು ಹೋದರೆ ಒಂದೇ ತಿಂಗಳಲ್ಲಿ ಮೂವರೂ ಪೆಟ್ಟಿಗೆ ಕಟ್ಟಬೇಕು. ನಡುವರ್ಷದಲ್ಲಿ ಶಾಲೆ ಬಿಡಿಸಿ ಮಗಳನ್ನು ಉಡುಪಿಗೆ ಕರೆದೊಯ್ದರೆ ಅಲ್ಲಿ ಅವಳ ಜೊತೆ ಯಾರು ಇಂಗ್ಲಿಷಿನಲ್ಲಿ ಜಗಳವಾಡುತ್ತಾರೆ ಎಂಬುದು ನನ್ನ ದಿನನಿತ್ಯದ ಚಿಂತೆಯಾಗಿತ್ತು. ನಗಬೇಡಿ, ನಿಜವಾಗಿಯೂ ಹೆದರಿದ್ದೆ.

ದ್ವೀಪದ ಪ್ರಾಣಿಗಳ ಮೇಲ್ವಿಚಾರಣೆ ಒಬ್ಬ ಮೇಡಂ ಕೈಯಲ್ಲಿತ್ತು. ಆಕೆ ನಿಜವಾದ ಆಫ್ರಿಕಾದವರು. ಮೊಣಕಾಲಿನವರೆಗೆ ಚಡ್ಡಿ, ತಲೆಗೆ ಅಗಲ ಟೋಪಿ, ಮಾತು ಕಡಿಮೆ. ನನ್ನ ಪ್ರೊಬೇಷನ್ನಿನ ಕಾಗದಕ್ಕೆ ಸಹಿ ಹಾಕಬೇಕಾದವರೂ ಅವರೇ. ಮೊದಲ ದಿನವೇ ನನ್ನಿಂದ ಒಂದು ನಿಯಮಪಟ್ಟಿಗೆ ಸಹಿ ಹಾಕಿಸಿಕೊಂಡಿದ್ದರು. ಹೊರಗಿನ ಹೂವು, ಹಣ್ಣು, ಎಲೆ, ಬೀಜ ಯಾವುದೂ ಗೇಟಿನೊಳಗೆ ಬರಕೂಡದು. ಪ್ರಾಣಿಗಳಿಗೆ ರೋಗ ತಗಲುತ್ತದೆ. ಅದನ್ನು ಡ್ರೈವರುಗಳಿಗೆ ಅವರವರ ಭಾಷೆಯಲ್ಲಿ ತಿಳಿಸಿ ಹೇಳಿದ್ದು ನಾನೇ. ಹಿಂದಿಯಲ್ಲಿ ಹೇಳಿದೆ, ಮಲಯಾಳದಲ್ಲಿ ತಡವರಿಸಿದೆ, ತುಳುವಿನಲ್ಲಿ ಸ್ವಲ್ಪ ಹೆದರಿಸಿಯೂ ಹೇಳಿದೆ.

ತುಳುವಿನಲ್ಲಿ ಹೇಳಿಸಿಕೊಂಡವರು ಡ್ರೈವರಣ್ಣ. ವಯಸ್ಸು ಐವತ್ತೈದು ದಾಟಿತ್ತು, ಬೆಳ್ತಂಗಡಿ ಕಡೆಯವರು. ಊರಿನಲ್ಲಿ ಮಂಗಳೂರು–ಉಡುಪಿ ಎಕ್ಸ್‌ಪ್ರೆಸ್ ಬಸ್ಸು ಓಡಿಸಿದ್ದರು. ಅವರ ಹಾರನ್ ಕೇಳಿದರೆ ಲಾರಿಗಳು ತಾವಾಗಿಯೇ ಚರಂಡಿಗೆ ಇಳಿಯುತ್ತಿದ್ದವು ಎಂದು ಅವರೇ ಹೇಳುತ್ತಿದ್ದರು. ಅಂಥವರು ಇಲ್ಲಿ ಗಂಟೆಗೆ ಮೂವತ್ತು ಕಿಲೋಮೀಟರ್ ವೇಗದಲ್ಲಿ ಹೋಗಬೇಕು, ಜಿಂಕೆ ಅಡ್ಡ ಬಂದರೆ ಎಂಜಿನ್ ಆರಿಸಿ ಕಾಯಬೇಕು. "ಟಿಕೇಟು ಕೊಡದ ಪ್ಯಾಸೆಂಜರುಗಳು ಮಾರಾಯ್ರೆ, ಇಳಿ ಅಂತ ಹೇಳ್ಲಿಕ್ಕೂ ಆಗುದಿಲ್ಲ" ಎಂದು ಗೊಣಗುತ್ತಿದ್ದರು. ಆದರೆ ಪ್ರವಾಸಿಗರನ್ನು ಕೂರಿಸಿಕೊಂಡರೆ ಮನುಷ್ಯ ಬೇರೆಯೇ ಆಗುತ್ತಿದ್ದರು. ಅರೆಬರೆ ಇಂಗ್ಲಿಷಿನಲ್ಲಿ ಪ್ರತಿ ಜಿಂಕೆಗೂ ಒಂದು ಸಂಸಾರ ಕಟ್ಟಿ, ಇದು ಅದರ ಹೆಂಡತಿ, ಅದು ಇದರ ಅತ್ತೆ, ಈ ಇಬ್ಬರಿಗೂ ಮಾತಿಲ್ಲ ಎಂದು ಕಥೆ ಹೇಳುತ್ತಿದ್ದರು. ಮರಳಿ ಬಂದವರು ಅವರದೇ ಜೀಪು ಬೇಕೆಂದು ಹಟ ಹಿಡಿಯುತ್ತಿದ್ದರು.

ನನ್ನ ಆರು ತಿಂಗಳು ಮುಗಿಯಲು ಹದಿನಾರು ದಿನ ಇರುವಾಗ ನವರಾತ್ರಿ ಬಂತು.

"ಆಯುಧ ಪೂಜೆ ಮಾಡದೆ ಸ್ಟೇರಿಂಗ್ ಹಿಡಿಯುದು ಹೇಗೆ?" ಡ್ರೈವರಣ್ಣ ಜೀಪಿನ ಷೆಡ್ಡಿಗೆ ಬಂದು ಕೇಳಿದರು. "ಹೋದ ವರ್ಷ ಬಿಟ್ಟದ್ದಕ್ಕೆ ಮೂರು ಗೇರ್‌ಬಾಕ್ಸ್ ಹೋಯ್ತು, ಗೊತ್ತುಂಟಾ?"

ನಾನು ನಿಯಮಪಟ್ಟಿ ತೋರಿಸಬೇಕಿತ್ತು. ತೋರಿಸಲಿಲ್ಲ. ನನ್ನ ಹಳೆಯ ಆಫೀಸಿನಲ್ಲಿ ಪ್ರತಿ ವರ್ಷ ಪ್ರಿಂಟರಿಗೂ ಸ್ಟೇಪ್ಲರಿಗೂ ಕುಂಕುಮ ಹಚ್ಚುತ್ತಿದ್ದೆವು. ಹೊಸ ಮ್ಯಾನೇಜರ್ ಬಂದು ಅದನ್ನು ನಿಲ್ಲಿಸಿದ, ಮರುವರ್ಷವೇ ಕಂಪೆನಿ ಮುಚ್ಚಿತು. ಎರಡಕ್ಕೂ ಸಂಬಂಧವಿಲ್ಲ ಎಂದು ನನಗೂ ಗೊತ್ತು, ಬಿ.ಕಾಂ. ಮಾಡಿದ್ದೇನೆ. ಆದರೂ ಹದಿನಾರು ದಿನ ಬಾಕಿ ಇರುವಾಗ ದೇವರ ಜೊತೆ ವಾದಕ್ಕೆ ನಿಲ್ಲುವ ಧೈರ್ಯ ಬರಲಿಲ್ಲ.

"ಚಿಕ್ಕದಾಗಿ ಮಾಡುವ" ಎಂದೆ.

ಚಿಕ್ಕದಾಗಿ ಎಂದರೆ ಏನೆಂಬುದು ನಮ್ಮವರಿಗೆ ಗೊತ್ತಿಲ್ಲ. ಹೆಂಡತಿ ಬರ್ ದುಬೈಯ ದೇವಸ್ಥಾನದ ಓಣಿಯಿಂದ ಎರಡು ಚೀಲ ಚೆಂಡು ಹೂವು ತಂದಿಟ್ಟಿದ್ದಳು. ರಜೆ ಮುಗಿಸಿ ಮರಳುವಾಗ ನಾನು ಅಬುಧಾಬಿಯ ಅಲ್ ಮೀನಾದಲ್ಲಿ ಇಳಿದು, ತರಕಾರಿ ಮಾರ್ಕೆಟಿನಲ್ಲಿ ಒಂದು ಬೂದುಗುಂಬಳ ಆರಿಸಿದೆ. ಅದೇನು ಕಾಯಿಯೋ, ಮಗಳಷ್ಟು ಭಾರವಿತ್ತು. ಮಲಯಾಳಿ ಅಂಗಡಿಯವ ತನ್ನೂರಿನ ಕುಂಬಳದ ಅಡುಗೆ ನೆನಪಿಸಿಕೊಂಡು, "ಓಲನ್ ಮಾಡಲಿಕ್ಕಾ?" ಎಂದು ಅಕ್ಕರೆಯಿಂದ ಕೇಳಿದ. ಹೌದೆಂದೆ. ಅದನ್ನು ಹೆಗಲ ಚೀಲದಲ್ಲಿ ಹೊತ್ತು, ಹೂವನ್ನು ಬಟ್ಟೆಯ ಪೆಟ್ಟಿಗೆಯಲ್ಲಿ ಅಡಗಿಸಿ ಬಸ್ಸು ಹತ್ತಿದೆ, ಬೋಟು ಹತ್ತಿದೆ. ಬೋಟಿನ ಗಾರ್ಡು ಚೀಲ ತೆರೆಸಿ, ಇದೇನೆಂದು ಕೇಳಿದ. "ಸಾಂಬಾರ್" ಎಂದೆ. ಅವನು ಅದನ್ನು ಎರಡು ಸಲ ತಟ್ಟಿ ನೋಡಿ ಬಿಟ್ಟುಬಿಟ್ಟ.

ಮರುದಿನ ಬೆಳಕು ಹರಿಯುವ ಹೊತ್ತಿಗೆ, ಮೊದಲ ಪ್ರವಾಸಿಗರು ಏಳುವ ಮೊದಲೇ, ಪೂಜೆ ಶುರುವಾಯಿತು. ತೊಳೆದ ಜೀಪುಗಳ ಮೂತಿಗೆ ಹೂಮಾಲೆ, ಚಕ್ರದಡಿಗೆ ಲಿಂಬೆಹಣ್ಣು, ಊದುಬತ್ತಿ, ಪಂಚಕಜ್ಜಾಯ. ಪೇಶಾವರದ ಮೆಕ್ಯಾನಿಕ್ ದೂರದಲ್ಲಿ ಕೈಕಟ್ಟಿ ನಿಂತಿದ್ದವನು ಪಂಚಕಜ್ಜಾಯಕ್ಕೆ ಎರಡು ಸಲ ಕೈ ಚಾಚಿದ. ಡ್ರೈವರಣ್ಣ ಕುಂಬಳಕಾಯಿಯ ತಲೆ ಕೊರೆದು, ಅರಿಶಿನಕ್ಕೆ ಸುಣ್ಣ ಕಲಸಿದ ಕೆಂಪು ನೀರು ತುಂಬಿಸಿದರು. ದ್ವೀಪದಲ್ಲಿ ಸುಣ್ಣ ಎಲ್ಲಿಂದ ಬಂತೆಂದು ನಾನು ಕೇಳಲಿಲ್ಲ. ಅವರ ಕೆಂಪು ಹಲ್ಲು ನೋಡಿದರೆ ಸಾಕಿತ್ತು.

ಕಾಯಿಯನ್ನು ಷೆಡ್ಡಿನ ಬಾಗಿಲಲ್ಲೇ ಒಡೆಯುವುದೆಂದು ಮಾತಾಗಿತ್ತು. ಡ್ರೈವರಣ್ಣ ಅದನ್ನು ಎತ್ತಿಕೊಂಡು ಮುಂದೆ ನಡೆದೇಬಿಟ್ಟರು.

"ಎಲ್ಲಿಗೆ?"

"ಇಲ್ಲಿ ಒಡೆದರೆ ಎಂತ ಪ್ರಯೋಜನ? ಅಪಾಯ ಇರುದು ಅಲ್ಲಿ."

ಅವರು ತೋರಿಸಿದ್ದು ಕೂಗಳತೆಯ ದೂರದಲ್ಲಿದ್ದ ಚೀತಾ ಗೇಟನ್ನು. ಬೇಲಿಯ ಆಚೆಗಿನ ದೊಡ್ಡ ಬಯಲಿನಲ್ಲಿ ಚೀತಾಗಳಿದ್ದವು. ಅವುಗಳಲ್ಲಿ ಒಂದು ಹೆಣ್ಣು ಮೂರು ಮರಿ ಹಾಕಿತ್ತು. ಅವರ ಮಾತಿನಲ್ಲಿ ಅರ್ಥವಿದೆ ಎಂದೇ ನನಗನಿಸಿತು. ತಲೆಯಾಡಿಸಿ, ಉಳಿದವರನ್ನು ಷೆಡ್ಡಿನಲ್ಲೇ ಬಿಟ್ಟು ಅವರ ಹಿಂದೆ ಹೋದೆ. ಕಾಯಿ ಗೇಟಿನ ಮುಂದೆ ಚೂರಾಯಿತು, ಮರಳು ಕೆಂಪಾಯಿತು. ಗುಡಿಸೋಣ ಎನ್ನುವಷ್ಟರಲ್ಲಿ ಮೊದಲ ತಂಡ ಹತ್ತು ನಿಮಿಷ ಮುಂಚೆಯೇ ಬಂದು ನಿಂತಿತು. ಇಬ್ಬರೂ ಷೆಡ್ಡಿಗೆ ಓಡಿದೆವು. ಗುಡಿಸುವುದು ಮರೆತೇಹೋಯಿತು.

ಮೂರು ಜೀಪುಗಳು ಮಾಲೆ ತೊಟ್ಟುಕೊಂಡೇ ಹೊರಟವು. ಮೊದಲನೆಯದರ ಮಾಲೆಯನ್ನು ಒಂದು ಜಿರಾಫೆ ಬಗ್ಗಿ, ಒಂದೊಂದೇ ಹೂವಾಗಿ, ಬಹಳ ಭಕ್ತಿಯಿಂದ ತಿಂದು ಮುಗಿಸಿತಂತೆ. ಇತ್ತ ಚೀತಾ ಗೇಟಿನ ಬಳಿ ಜಿಂಕೆಗಳು ಬಂದು ಕುಂಬಳದ ಓಡನ್ನು ಕಚ್ಚಿ ಪೊದೆಯವರೆಗೆ ಎಳೆದಿದ್ದವು. ಇದು ಯಾವುದೂ ನನಗೆ ಆಗ ಗೊತ್ತಿರಲಿಲ್ಲ.

ಷೆಡ್ಡಿನಲ್ಲಿ ನಾನು, ಎರಡನೇ ತಂಡಕ್ಕಾಗಿ ಕಾಯುತ್ತಿದ್ದ ಡ್ರೈವರಣ್ಣ, ಇಬ್ಬರೇ ಇದ್ದೆವು. ವಾಕಿಟಾಕಿಯಲ್ಲಿ ಮೇಡಂ ದನಿ ಬಂತು. ಚೀತಾ ಗೇಟಿನ ಹೊರಗೆ ರಕ್ತ. ಏನನ್ನೋ ಪೊದೆಗೆ ಎಳೆದ ಗುರುತು. ಒಂದು ಚೀತಾ ಹೊರಗೆ ಬಂದಿದೆ, ಬಹುಶಃ ಮರಿಗಳ ತಾಯಿ. ಎಲ್ಲ ಜೀಪುಗಳೂ ಇದ್ದಲ್ಲೇ ನಿಲ್ಲಲಿ, ಯಾರೂ ಕೆಳಗೆ ಇಳಿಯಕೂಡದು, ಪ್ರಾಣಿಗಳ ಡಾಕ್ಟರ್ ಮತ್ತಿನ ಬಂದೂಕು ತರಲಿ.

ಅವರೂ ಜೀಪಿನಿಂದ ಇಳಿದಿರಲಿಲ್ಲ. ಇಳಿದು ಒಂದು ಚೂರನ್ನು ಮುಟ್ಟಿದ್ದರೆ ಕಥೆ ಮುಗಿಯುತ್ತಿತ್ತು. ಇಳಿಯಬಾರದೆಂಬ ನಿಯಮ ಅವರದೇ, ಅವರು ಅದನ್ನು ಪಾಲಿಸುತ್ತಿದ್ದರು. ಈ ದ್ವೀಪದಲ್ಲಿ ನಿಯಮ ಪಾಲಿಸದವರು ನಾವಿಬ್ಬರೇ.

ವಾಕಿಟಾಕಿ ನನ್ನ ಮೇಜಿನ ಮೇಲಿತ್ತು. ನಾನದನ್ನು ಎತ್ತಿ ಒಂದು ಮಾತು ಹೇಳಿದರೆ ಸಾಕಿತ್ತು. ಡಾಕ್ಟರ್ ಒಮ್ಮೆ ಊಟಕ್ಕೆ ಕುಳಿತಾಗ ಹೇಳಿದ್ದರು, ಆ ಬಿಸಿಲಿನಲ್ಲಿ ಮತ್ತಿನ ಮದ್ದು ಹೊಡೆದರೆ ಚೀತಾ ಏಳದೆಯೂ ಇರಬಹುದು ಎಂದು. ತಾಯಿ ಬಿದ್ದರೆ ಮರಿಗಳ ಗತಿ ಏನು ಎಂಬುದೂ ನನಗೆ ಗೊತ್ತಿತ್ತು. ಎಲ್ಲ ಗೊತ್ತಿತ್ತು. ನನ್ನ ಕಣ್ಣ ಮುಂದೆ ಇದ್ದದ್ದು ಮಾತ್ರ ಮಗಳ ಚಕ್ರದ ಶಾಲೆಚೀಲ. ಕುಂಬಳ ಹೊತ್ತ ಹೆಗಲು ಇನ್ನೂ ನೋಯುತ್ತಿತ್ತು. ಕೈ ಮೇಜಿನವರೆಗೆ ಹೋಯಿತು, ಅಲ್ಲಿದ್ದ ಡೀಸೆಲ್ ರಿಜಿಸ್ಟರನ್ನು ಸರಿಮಾಡಿ ಇಟ್ಟು ಹಿಂದೆ ಬಂತು. ಒಂದು ಲೋಟ ಚಹಾ ಕುಡಿಯುವಷ್ಟು ಹೊತ್ತು ಹಾಗೆಯೇ ಕುಳಿತಿದ್ದೆ. ಡಾಕ್ಟರ್ ಹೊರಟೆನೆಂದು ಹೇಳಿದ್ದೂ ಕೇಳಿಸಿತು.

ಡ್ರೈವರಣ್ಣ ನನ್ನ ಮುಖ ನೋಡುತ್ತಿದ್ದರು. ಆಮೇಲೆ ಅವರೇ ವಾಕಿಟಾಕಿ ಎತ್ತಿಕೊಂಡರು.

"ಮೇಡಂ, ನೋ ಬ್ಲಡ್. ಪಂಪ್ಕಿನ್."

"ವಾಟ್?" ಎಂದರು ಮೇಡಂ.

"ಮೈ ಪಂಪ್ಕಿನ್, ಮೇಡಂ. ಮೈ ಗಾಡ್, ಮೈ ಪಂಪ್ಕಿನ್. ಓನ್ಲಿ ಮಿ. ಆಫೀಸ್ ಸಾರ್ ನಾಟ್ ನೋ."

ಆಫೀಸ್ ಸಾರ್ ಎಂದರೆ ನಾನು. ದ್ವೀಪದ ಪ್ರತಿ ಜೀಪಿನಲ್ಲೂ, ಅಡುಗೆಮನೆಯಲ್ಲೂ, ಬೋಟಿನಲ್ಲೂ ಅದು ಕೇಳಿಸಿತು. ಎಲ್ಲೋ ಯಾರೋ ಬಟನ್ ಒತ್ತಿಕೊಂಡೇ ನಕ್ಕರು. ನನಗೆ ನಗು ಬರಲಿಲ್ಲ.

ಕಾಲು ಗಂಟೆಯಲ್ಲಿ ಮೇಡಂ ಷೆಡ್ಡಿಗೆ ಬಂದರು. ಕೈಯಲ್ಲಿ ಕೆಂಪು ಹತ್ತಿದ ಕುಂಬಳದ ಹೋಳು. ಡ್ರೈವರಣ್ಣನನ್ನು ನೋಡಲಿಲ್ಲ, ನನ್ನನ್ನೇ ನೋಡಿ ಕೇಳಿದರು: "ನಿನಗೆ ಗೊತ್ತಿತ್ತೇ?"

"ಇಲ್ಲ ಮೇಡಂ, ಈಗಷ್ಟೇ ಗೊತ್ತಾಯಿತು" ಎಂದೆ.

ಅಷ್ಟು ಸ್ವಚ್ಛವಾದ ಇಂಗ್ಲಿಷ್ ವಾಕ್ಯ ನನ್ನ ಬಾಯಿಂದ ಅದಕ್ಕೆ ಮೊದಲು ಬಂದಿರಲಿಲ್ಲ.

ಡ್ರೈವರಣ್ಣನನ್ನು ಜೀಪಿನಿಂದ ಇಳಿಸಿ ನೀರಿನ ಟ್ಯಾಂಕರಿಗೆ ಹಾಕಿದರು. ಪ್ರಾಣಿಗಳ ತೊಟ್ಟಿಗಳಿಗೆ ನೀರು ತುಂಬಿಸಿಕೊಂಡು ದ್ವೀಪ ಸುತ್ತುವ ಕೆಲಸ. ಪಕ್ಕದಲ್ಲಿ ಜನವಿಲ್ಲ, ಅತ್ತೆ ಸೊಸೆಯರ ಕಥೆ ಕೇಳುವವರಿಲ್ಲ. ಆರು ತಿಂಗಳು ತುಂಬಿದ ದಿನ ನನ್ನ ಕಾಗದಕ್ಕೆ ಸಹಿ ಬಿತ್ತು. ಹೆಂಡತಿ ಪಾಯಸ ಮಾಡಿದಳು. "ಪೂಜೆ ಮಾಡಿದ್ದು ಒಳ್ಳೆದಾಯ್ತು ನೋಡಿ" ಎಂದಳು. "ಡ್ರೈವರಣ್ಣ ಹೇಗಿದ್ದಾರೆ?" ಎಂದೂ ಕೇಳಿದಳು. ದೊಡ್ಡ ಗಾಡಿ ಕೊಟ್ಟಿದ್ದಾರೆ ಎಂದೆ. ಆ ಪಾಯಸದ ರುಚಿ ಹೇಗಿತ್ತೆಂದು ಇವತ್ತಿಗೂ ಹೇಳಲಾರೆ.

ನಾಚಿಕೆಯಾಗುತ್ತಿತ್ತು. ದಿನಕ್ಕೆ ಎರಡು ಸಲ ಟ್ಯಾಂಕರು ಷೆಡ್ಡಿನ ಮುಂದೆ ಹಾದುಹೋಗುತ್ತಿತ್ತು. ಅವರು ಯಾವಾಗಿನಂತೆ ಕೈ ಎತ್ತುತ್ತಿದ್ದರು, ನಾನು ಯಾವುದೋ ಟೈರು ನೋಡಲು ಬಗ್ಗುತ್ತಿದ್ದೆ. ಆ ವರ್ಷ ನಾನು ನೋಡಿದಷ್ಟು ಟೈರುಗಳನ್ನು ಟೈರು ಮಾಡಿದವನೂ ನೋಡಿರಲಿಕ್ಕಿಲ್ಲ.

ಎರಡು ವರ್ಷದ ಮೇಲೆ ಮೇಡಂ ತಮ್ಮ ಊರಿಗೆ ಮರಳುವ ದಿನ ಹತ್ತಿರವಾಯಿತು. ಅವರ ಕೋಣೆಗೆ ಹೋಗಿ ನಿಂತೆ. ಕುಂಬಳಕಾಯಿ ತಂದದ್ದು ನಾನು, ಗೇಟಿನ ಮುಂದೆ ಒಡೆಯಲು ಒಪ್ಪಿದ್ದೂ ನಾನು, ವಾಕಿಟಾಕಿಯ ಮುಂದೆ ಸುಮ್ಮನೆ ಕುಳಿತದ್ದೂ ನಾನು ಎಂದು ಒಂದೇ ಉಸಿರಿಗೆ ಹೇಳಿದೆ.

ಅವರು ಪುಸ್ತಕಗಳನ್ನು ಡಬ್ಬಿಗೆ ತುಂಬುತ್ತಿದ್ದರು. ತುಂಬುತ್ತಲೇ ಇದ್ದರು. "ಬೋಟಿನ ಗಾರ್ಡು ಅವತ್ತೇ ಹೇಳಿದ್ದ" ಎಂದರು. "ಡ್ರೈವರ್ ಒಡೆದದ್ದಕ್ಕೆ ನಮ್ಮ ಪಟ್ಟಿಯಲ್ಲಿ ನಿಯಮ ಇತ್ತು, ಅದರಂತೆ ಮಾಡಿದೆ. ಅವನು ತಾನಾಗಿ ಹೊತ್ತುಕೊಂಡ ತಪ್ಪನ್ನು ಅವನಿಂದ ಕಿತ್ತುಕೊಳ್ಳಲು ನನಗೆ ಮನಸ್ಸಾಗಲಿಲ್ಲ. ನೀನು ಸುಮ್ಮನೆ ಕುಳಿತೆಯಲ್ಲ, ಅದಕ್ಕೆ ಪಟ್ಟಿಯಲ್ಲಿ ಏನೂ ಇರಲಿಲ್ಲ."

ಅಲ್ಲಿಂದ ನೇರವಾಗಿ ನೀರಿನ ತೊಟ್ಟಿಯ ಹತ್ತಿರ ಹೋದೆ. ಡ್ರೈವರಣ್ಣ ಟ್ಯಾಂಕರಿನ ನೆರಳಲ್ಲಿ ಕುಳಿತು ಪೈಪಿನಿಂದ ನೀರು ಬೀಳುವುದನ್ನು ನೋಡುತ್ತಿದ್ದರು. ತೊಟ್ಟಿಯ ಆಚೆ ಐದಾರು ಜಿಂಕೆಗಳು ನಿಂತಿದ್ದವು. ಮೇಡಂಗೆ ಎಲ್ಲ ಹೇಳಿ ಬಂದೆ ಅಣ್ಣ, ಎಂದೆ. ಹೊಗಳುತ್ತಾರೆ, ಬೆನ್ನು ತಟ್ಟುತ್ತಾರೆ ಎಂದುಕೊಂಡಿದ್ದೆನೋ ಏನೋ.

ಅವರು ಮುಖ ಗಂಟಿಕ್ಕಿದರು.

"ಎಂತಕ್ಕೆ ಹೇಳಿದ್ದು? ಇಷ್ಟು ವರ್ಷದಲ್ಲಿ ಒಂದು ಸುಳ್ಳು ಸಮಾ ಹೇಳಿದ್ದೆ ಮಾರಾಯ್ರೆ, ಅದನ್ನೂ ಹಾಳು ಮಾಡಿದ್ರಿ."

"ಮತ್ತೆ ಜೀಪಿಗೆ ಹಾಕ್ಲಿಕ್ಕೆ ಕೇಳ್ತೇನೆ" ಎಂದೆ.

"ಬೇಡ, ಖಲಾಸ್. ಬರುವ ತಿಂಗಳು ಊರಿಗೆ ಹೋಗುದು ನಾನು, ಪೂರ್ತಿ." ಜಿಂಕೆಗಳ ಕಡೆ ಗಲ್ಲ ಎತ್ತಿ ತೋರಿಸಿದರು. "ಈಗ ಇವಕ್ಕೇ ಹೇಳುದು ಕಥೆ. ನಿಮ್ಮದೂ ಹೇಳಿದ್ದೇನೆ. ಹೆದರ್ಬೇಡಿ, ಅದರಲ್ಲಿ ನೀವೇ ವಾಕಿಟಾಕಿ ಎತ್ತುದು."

ಸುಮ್ಮನಿರುವುದರಲ್ಲಿ ನನಗೆ ಅನುಭವವಿತ್ತು. ತೊಟ್ಟಿ ತುಂಬಿತು, ಅವರು ಎದ್ದು ಪೈಪು ಸುತ್ತತೊಡಗಿದರು, ನಾನು ಇನ್ನೊಂದು ತುದಿ ಹಿಡಿದುಕೊಂಡೆ.