ರಾಜಮ್ಮನವರ ಅರ್ಧ ದೋಸೆ

ಮೈಸೂರಿಗೆ ಬಂದ ನಾಲ್ಕನೆಯ ದಿನ ನನ್ನನ್ನು ಹೋಟೆಲಿಗೆ ಕರೆದುಕೊಂಡು ಹೋದವರು ಅರ್ಧ ದೋಸೆ ತಿನ್ನಿಸಿ ಕಳಿಸಿದರು. ಉತ್ಪ್ರೇಕ್ಷೆಯಲ್ಲ, ಅರ್ಧವೇ. ಕರೆದವರು ಕುವೆಂಪುನಗರದಲ್ಲಿ ನಾನು ಬಾಡಿಗೆಗಿರುವ ಮನೆಯ ಒಡತಿ, ಎಪ್ಪತ್ತರ ರಾಜಮ್ಮನವರು. ಒಂದು ಮಸಾಲೆ ದೋಸೆ, ಎರಡು ತಟ್ಟೆ. ಇಲ್ಲಿ ಇದಕ್ಕೆ ‘ಒನ್ ಬೈ ಟೂ’ ಎನ್ನುತ್ತಾರೆ. ಚಹಾ ಹಂಚಿಕೊಳ್ಳುವುದು ನಮ್ಮ ವಿಜಯಪುರದಲ್ಲೂ ಉಂಟು. ಆದರೆ ತಾವಾಗಿ ಕರೆತಂದ ಅತಿಥಿಯ ಮುಂದೆ ಅರ್ಧ ತಿಂಡಿ ಇಡುವುದೇ? ಎಂಥ ಜಿಪುಣಿ ಎಂದುಕೊಂಡೆ.

ಅವರೇ ಹೇಳಿದರು: “ನಂಗೆ ಶುಗರ್ ಕಣಮ್ಮ. ಹೋಟ್ಲು ಬುಡೋಕಾಗಲ್ಲ, ಅದಕ್ಕೇ ಅರ್ಧ. ಆಲೂಗೆಡ್ಡೆ ಪಲ್ಯ ಪೂರ್ತಿ ನಿಂಗೆ. ಕಾಫಿಗೆ ಸಕ್ಕರೆ ಇಲ್ಲ. ನಾಲ್ಗೆಗೂ ಬೇಜಾರಿಲ್ಲ, ಡಾಕ್ಟ್ರಿಗೂ ಬೇಜಾರಿಲ್ಲ.”

ಕಾಲೇಜಿನ ಗ್ರಂಥಾಲಯಕ್ಕೆ ವರ್ಗವಾಗಿ ಒಬ್ಬಳೇ ಬಂದವಳು ನಾನು. ಸಾರಿಗೆ ಬೆಲ್ಲ ಹಾಕುವ ಈ ಊರಿನಲ್ಲಿ ಮೊದಲ ತಿಂಗಳು ಬಾಯಿಗೂ ಮನಸ್ಸಿಗೂ ಏನೂ ಹಿಡಿಸಲಿಲ್ಲ. ನನ್ನನ್ನು ಉಳಿಸಿದ್ದು ರಾಜಮ್ಮನವರ ಜೊತೆ ಹೋಟೆಲಿಗೆ ಹೋಗುತ್ತಿದ್ದ ಭಾನುವಾರಗಳು. ನನ್ನ ಸ್ಕೂಟರಿನ ಹಿಂದೆ ಅವರು ಕೂರುತ್ತಿದ್ದರು, ಅವರ ಸೊಸೆ ಸವಿತಾ ಗೇಟಿನವರೆಗೆ ಬಂದು, “ನೀವಿದ್ರೆ ಅತ್ತೆ ಹತೋಟೀಲಿರ್ತಾರೆ ಅಕ್ಕ” ಎಂದು ಕಳಿಸುತ್ತಿದ್ದಳು.

ಹತೋಟಿ ತಪ್ಪಿಸಿದವಳು ನಾನೇ. ನಮ್ಮ ಕಡೆ ಪ್ರೀತಿ ಎಂದರೆ ಒತ್ತಾಯ ಎಂಬುದು ನಿಮಗೆ ನಾನು ಹೇಳಬೇಕೇ? ಬೇಡ ಎಂದವರ ತಟ್ಟೆಗೂ ಇನ್ನೊಂದು ರೊಟ್ಟಿ ಬೀಳಲೇಬೇಕು. ಆ ರೂಢಿಯ ನನ್ನ ಕೈ ಇಲ್ಲೂ ಸುಮ್ಮನಿರಲಿಲ್ಲ. ಮೊದಲು ದೋಸೆಯ ದೊಡ್ಡ ತುಂಡನ್ನು ಅವರತ್ತ ತಳ್ಳಿದೆ, ಆಮೇಲೆ ಪಲ್ಯವನ್ನೂ. “ತಗೋರಿ, ಇಷ್ಟರಾಗ ಏನಾಗ್ತದ?” ಎನ್ನುತ್ತಿದ್ದೆ. ಕೆಲವು ವಾರಗಳಲ್ಲಿ ಇಬ್ಬರಿಗೂ ಒಂದೊಂದು ದೋಸೆ, ಜೊತೆಗೆ ಕೇಸರಿಬಾತ್. ಅವರು “ಬೇಡ ಕಣೇ” ಎನ್ನುತ್ತಿದ್ದವರು ಕ್ರಮೇಣ ಅದನ್ನೂ ಬಿಟ್ಟರು. ಚಮಚ ನೆಕ್ಕಿ ನಗುವ ಅವರ ಮುಖ ನೋಡಿ, ಈ ಊರಿನಲ್ಲಿ ನನಗೂ ಒಬ್ಬರು ಸಿಕ್ಕರು ಎಂದು ಹಿಗ್ಗುತ್ತಿದ್ದೆ.

ಅವರ ಎಡಗಾಲಿಗೆ ಚಪ್ಪಲಿ ಕಚ್ಚಿ ಆದ ಗಾಯ ಮಾಯಲೇ ಇಲ್ಲ. ಸವಿತಾಳೂ ನಾನೂ ಅವರನ್ನು ಕರೆದುಕೊಂಡು ಹೋದಾಗ, ರಕ್ತದ ವರದಿ ನೋಡಿದ ಡಾಕ್ಟರು, ಹೊರಗೆ ಏನು ತಿನ್ನುತ್ತೀರಿ ಎಂದು ಕೇಳಿದರು. “ವಾರಕ್ಕೊಂದ್ಸಲ ಅರ್ಧ ದೋಸೆ ಅಷ್ಟೇ ಸಾರ್” ಎಂದಳು ಸವಿತಾ, ನನ್ನತ್ತ ಸಾಕ್ಷಿಗೆಂಬಂತೆ ತಿರುಗಿ. ರಾಜಮ್ಮ ನೆಲ ನೋಡಿದರು. ನಾನು ಹೌದೆಂದು ತಲೆಯಾಡಿಸಿಬಿಟ್ಟೆ. ಮುಂದಿನ ತಿಂಗಳು ಆ ಕಾಲಿನ ಕಿರುಬೆರಳನ್ನೇ ಕತ್ತರಿಸಿ ತೆಗೆಯಬೇಕಾಯಿತು.

ಆಸ್ಪತ್ರೆಯ ಬೆಂಚಿನ ಮೇಲೆ ಸವಿತಾಗೆ ಎಲ್ಲವನ್ನೂ ಹೇಳಿದೆ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. “ನೀವು ಜೊತೇಲಿದೀರಿ ಅಂತಾನೇ ನಾನು ಸುಮ್ನಿದ್ದೆ ಅಕ್ಕ” ಎಂದಳು, ಅಷ್ಟೇ. ರಾಜಮ್ಮನವರೋ, “ಬಾಯಿ ನಂದು ಕಣಮ್ಮ, ತಿಂದ್ಬುಟ್ಟೆ. ನೀನ್ಯಾಕೆ ಅಳ್ತೀಯ?” ಎಂದು ನನ್ನನ್ನೇ ಸಮಾಧಾನಪಡಿಸಿದರು.

ಈಗ ಮತ್ತೆ ಹೋಟೆಲಿಗೆ ಹೋಗುತ್ತೇವೆ, ಮೂವರೂ. ರಾಜಮ್ಮ ಇಡ್ಲಿಯನ್ನೂ ಮುರಿದು ಅರ್ಧ ನನಗೆ ಕೊಡುತ್ತಾರೆ. ನಾನು ಎಡಗೈಯಿಂದ ಬಲಗೈ ಹಿಡಿದುಕೊಂಡು ಕೂರುತ್ತೇನೆ.

ಮೊನ್ನೆ ರಜೆಗೆ ಊರಿಗೆ ಹೋಗಿದ್ದೆ. ಅಣ್ಣನ ಮನೆಯಲ್ಲಿ ಅತ್ತಿಗೆ, ನಮ್ಮ ಮಾತಿನಲ್ಲಿ ವೈನಿ, ಮೂರನೆಯ ರೊಟ್ಟಿ ತಂದಾಗ ನನಗೇ ತಿಳಿಯದೆ ಅಂಗೈ ತಟ್ಟೆಗೆ ಅಡ್ಡ ಹೋಯಿತು.

“ಯಾಕ, ನನ್ನ ಕೈ ರೊಟ್ಟಿ ರುಚಿ ಹತ್ತವಲ್ದೇನು?” ಎಂದರು. ಅವರ ಮುಖ ಬಾಡಿತ್ತು.

“ಅರ್ಧ ಹಾಕ್ರಿ ವೈನಿ.”

ಬಡಿಸುವಾಗ ರೊಟ್ಟಿ ಮುರಿದು ರೂಢಿಯಿಲ್ಲದ ಕೈ ಅವರದು. ತಡವರಿಸುತ್ತಲೇ ಮುರಿದು ಒಂದು ತುಂಡು ನನಗೆ ಹಾಕಿದರು. ಇನ್ನೊಂದನ್ನು ಹಿಡಿದು ನಿಂತೇ ಇದ್ದರು.

“ಉಳಿದಿದ್ದು ಯಾರಿಗೆ ಹಾಕ್ಲಿ?” ಎಂದರು.