ಸದ್ದಿಗೆ ತಿರುಗಲಿಲ್ಲ

ಅವರ ಎಡಗಣ್ಣು ಪೂರ್ತಿ ಬೆಳ್ಳಗಿತ್ತು. ಸಿಪ್ಪೆ ಸುಲಿದ ಬೇಯಿಸಿದ ಮೊಟ್ಟೆಯ ಹಾಗೆ, ಪಾಪೆಯ ಗುರುತೇ ಇರಲಿಲ್ಲ. ಮುಖದ ತುಂಬ ಕುಳಿಗಳು. ಚಿಕ್ಕಂದಿನಲ್ಲಿ ಬಂದ ಸಿಡುಬು ಅವರ ಒಂದು ಕಣ್ಣನ್ನೂ ಇಬ್ಬರು ಅಣ್ಣಂದಿರನ್ನೂ ಒಟ್ಟಿಗೆ ತೆಗೆದುಕೊಂಡು ಹೋಗಿತ್ತಂತೆ. ದೊಡ್ಡವರಾದ ಮೇಲೆ ಅವರು ಹಿಡಿದದ್ದು ಅದರ ಮೇಲೆ ಸೇಡು ತೀರಿಸಿಕೊಳ್ಳುವಂಥ ಕೆಲಸವನ್ನೇ: ಊರೂರಿಗೆ ಸೈಕಲ್ ತುಳಿದು ಮಕ್ಕಳಿಗೆ ಸಿಡುಬಿನ ದಾಕು ಹಾಕುವುದು. ಜನ ಅವರನ್ನು ದಾಕಿನಪ್ಪ ಎಂದೇ ಕರೆಯುತ್ತಿದ್ದರು. ಯಾವ ತಾಯಿಯಾದರೂ ಮಗುವನ್ನು ಮುಂದೆ ತರಲು ಹಿಂಜರಿದರೆ ಅವರು ಭಾಷಣ ಬಿಗಿಯುತ್ತಿರಲಿಲ್ಲ. ಮುಖವನ್ನು ಮುಂದಕ್ಕೆ ಚಾಚಿ, "ಈ ಮುಖಾನ ಚೆನ್ನಾಗಿ ನೋಡಮ್ಮ. ನೋಡಿ ಆಮೇಲೆ ಬೇಡ ಅನ್ನು" ಎನ್ನುತ್ತಿದ್ದರು. ಬೇಡ ಅಂದವರು ಕಡಿಮೆ.

ಐವತ್ತರ ದಶಕದ ಮಾತು ಇದು. ನಾನು ಆಗ ಒಂದು ತಾಲ್ಲೂಕು ಕಚೇರಿಯಲ್ಲಿ ಹೊಸ ಗುಮಾಸ್ತ. ಯಾವ ತಾಲ್ಲೂಕು ಎಂದು ಬರೆಯುವುದಿಲ್ಲ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ, ನಾಲ್ಕರಲ್ಲೂ ಕುರ್ಚಿ ಸವೆಸಿದವನು ನಾನು. ಈ ವಯಸ್ಸಿನಲ್ಲಿ ಯಾರ ಮರ್ಯಾದೆ ತೆಗೆದು ನನಗೇನಾಗಬೇಕು? ಮರ್ಯಾದೆ ಹೋಗಬೇಕಾದದ್ದು ನನ್ನದೇ. ಅದನ್ನು ಮುಚ್ಚಿಡದೆ ಹೇಳುತ್ತೇನೆ.

ಕೋಲಾರದ ಜಿಲ್ಲಾ ಕಚೇರಿಯಿಂದ ಒಂದು ಸುತ್ತೋಲೆ ಬಂತು. ತಾಲ್ಲೂಕಿನಲ್ಲಿ ಕುರುಡರು, ಕಿವುಡರು, ಮಾತು ಬಾರದವರು, ಕೈಕಾಲು ಊನವಾದವರು ಎಷ್ಟು ಜನ ಇದ್ದಾರೆ, ಹಳ್ಳಿವಾರು ತಿಳಿಸಿ ಎಂದು. ಅಂಥವರು ಹೆಚ್ಚಾಗಿರುವ ತಾಲ್ಲೂಕಿಗೆ ಬೆಂಗಳೂರಿನಿಂದ ಡಾಕ್ಟರುಗಳ ತಂಡ ಬರುತ್ತದೆ, ಕಿವಿ ಕೇಳದ ಮಕ್ಕಳನ್ನು ಆರಿಸಿ ಮೈಸೂರಿನ ಶಾಲೆಗೆ ಸರ್ಕಾರವೇ ಕಳಿಸುತ್ತದೆ. ಯಾರೂ ಇಲ್ಲದ ಕಡೆಗೆ ಯಾರೂ ಬರುವುದಿಲ್ಲ. ನಾವು ಶ್ಯಾನುಭೋಗರಿಗೆಲ್ಲ ಕಾಗದ ಕಳಿಸಿದೆವು. ಹಳ್ಳಿಹಳ್ಳಿಯಿಂದ ಉತ್ತರ ಬಂತು: ಇಲ್ಲ, ಇಲ್ಲ, ಇಲ್ಲ. ಹೆಸರು ಕೊಟ್ಟರೆ ಆಮೇಲೆ ಯಾವ ತಂಟೆಯೋ ಎಂದು ಶ್ಯಾನುಭೋಗರಿಗೆ ಅಂಜಿಕೆ. ಮನೆಯಲ್ಲಿರುವ ಹೆಣ್ಣುಮಕ್ಕಳ ಮದುವೆ ಕೆಡುತ್ತದೆಂದು ಮನೆಯವರಿಗೆ ಅಂಜಿಕೆ. ನಾನು ಎಲ್ಲವನ್ನೂ ಒಂದು ಹಾಳೆಗೆ ಇಳಿಸಿ, ಕೊನೆಯಲ್ಲಿ ಕೆಂಪು ಶಾಯಿಯಲ್ಲಿ "ಒಟ್ಟು: ಇಲ್ಲ" ಎಂದು ಬರೆದು ಕೆಳಗೆ ಗೆರೆ ಎಳೆದೆ.

ಅದೇ ತಾಲ್ಲೂಕಿನ ನಮ್ಮ ಹಳ್ಳಿಯ ಮುಂದೆಯೂ ಅದೇ "ಇಲ್ಲ" ಇತ್ತು. ನಮ್ಮ ಮನೆಯಲ್ಲಿ ಒಂಬತ್ತು ವರ್ಷದ ತಂಗಿ ಇದ್ದಳು, ಹುಟ್ಟಿದಾಗಿನಿಂದ ಅವಳಿಗೆ ಕಿವಿ ಕೇಳಿಸದು, ಮಾತು ಬಾರದು. ನಮ್ಮದು ರೇಷ್ಮೆ ಹುಳ ಸಾಕುವ ಮನೆ. ಹುಳುಮನೆಗೆ ಹೊರಗಿನವರನ್ನು ಬಿಡುವ ಪದ್ಧತಿ ನಮ್ಮ ಕಡೆ ಇಲ್ಲ, ಅವರಿಂದ ಹುಳಕ್ಕೆ ರೋಗ ತಗಲುತ್ತದೆಂಬ ಭಯ. ಯಾರಾದರೂ ಬಂದರೆ ಅಮ್ಮ ತಂಗಿಯನ್ನು ಒಳಗೆ ತಟ್ಟೆಗಳ ಸಾಲಿನ ಹಿಂದೆ ಕೂರಿಸಿ, "ಹುಳ ಜ್ವರಕ್ಕೆ ಕೂತಿದೆ, ಒಳಗೆ ಬರಬೇಡಿ" ಎಂದು ಬಾಗಿಲಲ್ಲೇ ಮಾತು ಮುಗಿಸುವಳು. ಪೊರೆ ಕಳಚುವ ಮುನ್ನ ಹುಳ ಮೇಯದೆ ಅಲುಗದೆ ಕೂರುವುದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ಅಪ್ಪ ತೀರಿಹೋಗಿದ್ದರು, ಅಕ್ಕನಿಗೆ ಗಂಡು ನೋಡುತ್ತಿದ್ದೆವು. ಹಾಗಾಗಿ ಆ "ಇಲ್ಲ"ವನ್ನು ನಕಲು ಮಾಡುವಾಗ ನನ್ನ ಪೆನ್ನು ಎಲ್ಲೂ ನಿಲ್ಲಲಿಲ್ಲ.

ಆರೋಗ್ಯ ಇಲಾಖೆಯವರ ಕೋಣೆ ನಮ್ಮ ಆವರಣದಲ್ಲೇ ಇತ್ತು. ತಿಂಗಳ ವರದಿ ಕೊಡಲು ಬಂದ ದಾಕಿನಪ್ಪ ನನ್ನ ಮೇಜಿನ ಮೇಲಿನ ಹಾಳೆಯನ್ನು ಕಂಡರು.

"ಏಮಪ್ಪಾ, ಏನಿದು?"

"ತಾಲ್ಲೂಕಿನಲ್ಲಿ ಕುರುಡರು, ಕಿವುಡರು ಯಾರೂ ಇಲ್ವಂತೆ. ವರದಿ ಹೋಗಬೇಕು."

ಅವರು ಒಳ್ಳೆಯ ಕಣ್ಣನ್ನು ಹಾಳೆಗೆ ತಾಗುವಷ್ಟು ಹತ್ತಿರ ತಂದು ಮೇಲಿಂದ ಕೆಳಗೆ ಓದಿದರು. ನೆಟ್ಟಗೆ ನಿಂತು, "ನಾನು ಇಲ್ಲೇ ನಿಂತಿದೀನಲ್ಲಪ್ಪ" ಅಂದರು.

ನನಗೆ ನಗು ಬಂತು, ಅವರಿಗೆ ಬರಲಿಲ್ಲ. "ಮನೆಮನೆಗೆ ಹೋಗಿ ಎಣಿಸೋಕೆ ನಮ್ಮಲ್ಲಿ ಜನ ಎಲ್ಲಿದಾರೆ?" ಎಂದೆ.

"ಹೋಗಿ ಬಂದಾಗಿದೆ ಕಣಪ್ಪ. ಲೆಕ್ಕ ನಿಮ್ಮ ಬೀರುಗಳಲ್ಲೇ ಕೂತಿದೆ. ತೆಗೆದು ನೋಡೋಕೆ ಮಾತ್ರ ಯಾರಿಗೂ ಕೈ ಬರಲ್ಲ. ಕಾಗದ ಕಳಿಸೋಕೆ ಎಷ್ಟು ದಿನ ಇದೆ?"

"ನಾಲ್ಕು ದಿನ."

"ಸಾಕು. ದಾಖಲೆ ಕೋಣೆ ಬೀಗದಕೈ ಇಸ್ಕೊಂಡು ಬಾ."

ಆ ನಾಲ್ಕು ದಿನ ನಾನು ಕಲಿತದ್ದನ್ನು ಆಮೇಲಿನ ನೌಕರಿಯಲ್ಲಿ ಯಾರೂ ಕಲಿಸಲಿಲ್ಲ. ಮೊದಲು ಅವರು ಧೂಳು ಕೊಡವಿ ತೆಗೆದದ್ದು ಮಹಾರಾಜರ ಕಾಲದ ಖಾನೇಷುಮಾರಿ ಪುಸ್ತಕ, ಹಳೆಯ ಜನಗಣತಿ. ಅದರಲ್ಲಿ ಕುರುಡರಿಗೊಂದು, ಕಿವುಡು ಮೂಗರಿಗೊಂದು ಕಾಲಂ ಇತ್ತು. ಕೆಲವೇ ವರ್ಷದ ಹಿಂದೆ ಮುಗಿದ ಹೊಸ ಜನಗಣತಿಯಲ್ಲಿ ಆ ಪ್ರಶ್ನೆಯನ್ನೇ ಕೇಳಿರಲಿಲ್ಲ. ಆಮೇಲೆ ಶಾಲೆಗಳ ದಾಖಲಾತಿ ಪುಸ್ತಕ ತರಿಸಿದರು. "ಹೆಸರು ನೋಡ್ಬೇಡ. ಶಾಲೆ ಬಿಟ್ಟ ಕಾರಣ ಅಂತ ಇದೆಯಲ್ಲ, ಅದನ್ನ ಓದು" ಅಂದರು. ಒಂದು ಕಡೆ "ಹಲಗೆ ಕಾಣಿಸುವುದಿಲ್ಲ" ಎಂದಿತ್ತು, ಇನ್ನೊಂದು ಕಡೆ "ನಡೆದು ಬರಲಾರ" ಎಂದಿತ್ತು. ಯಾರೋ ಮೇಷ್ಟ್ರು ಬರೆದು ಮರೆತದ್ದು.

ಕೊನೆಗೆ ಬಂದದ್ದು ಅವರದೇ ದಾಕಿನ ಪುಸ್ತಕಗಳು. ಇಪ್ಪತ್ತು ವರ್ಷಕ್ಕೂ ಹೆಚ್ಚಿನವು. ಅವರ ಕೆಲಸದಲ್ಲಿ ಒಂದು ರೂಢಿ ಇತ್ತು. ಮಗುವಿನ ತೋಳನ್ನು ಗೀರುವ ಮೊದಲು ಮದ್ದಿನ ತಗಡಿನ ಡಬ್ಬಿಯನ್ನು ಅದರ ತಲೆಯ ಹಿಂದೆ ಹಿಡಿದು ಟಪ್ಪೆಂದು ಮುಚ್ಚಳ ಹಾಕುವರು. ಮಗು ಸದ್ದು ಬಂದ ಕಡೆ ತಿರುಗುತ್ತದೆ, ಅಷ್ಟರಲ್ಲಿ ಗೀರಿ ಮುಗಿಸಿರುತ್ತಾರೆ. ಅಳು ಆಮೇಲೆ ಬರುತ್ತದೆ. ಯಾವ ಮಗು ತಿರುಗಲಿಲ್ಲವೋ ಅದರ ಸಾಲಿನ ಕೊನೆಯ ಷರಾದಲ್ಲಿ ಅದನ್ನು ಬರೆದಿಡುವರು. ಯಾರೂ ಕೇಳಿರಲಿಲ್ಲ, ಯಾರೂ ಓದಿರಲಿಲ್ಲ.

ಅವರು ಓದುತ್ತಿದ್ದರು, ನಾನು ಬರೆಯುತ್ತಿದ್ದೆ. ಎರಡನೇ ದಿನ ಅವರು ಒಂದು ಪುಸ್ತಕವನ್ನು ನನ್ನ ಕಡೆ ತಿರುಗಿಸಿ, "ಇದನ್ನ ನೀನೇ ಓದು, ನನಗೆ ಕಣ್ಣು ಉರೀತಿದೆ" ಅಂದರು. ಅದು ನಮ್ಮ ಹಳ್ಳಿಯ ಪುಸ್ತಕ. ತೀರಿಹೋದ ನಮ್ಮ ಅಪ್ಪನ ಹೆಸರು ಕಂಡಿತು. ಹೆಣ್ಣು ಮಗು, ವಯಸ್ಸು ಒಂದು. ದಾಕು ಎದ್ದು ಗುಳ್ಳೆ ಕಟ್ಟಿದೆ. ಷರಾ: ಸದ್ದಿಗೆ ತಿರುಗಲಿಲ್ಲ. ಕೆಲವು ವರ್ಷಗಳ ನಂತರದ ಪುಸ್ತಕದಲ್ಲಿ ಅದೇ ಮಗು, ಎರಡನೇ ದಾಕು. ಷರಾ: ಈಗಲೂ ತಿರುಗಲಿಲ್ಲ. ಬುದ್ಧಿ ಬಹಳ ಚುರುಕು, ನನ್ನ ಡಬ್ಬಿ ಕಸಿದುಕೊಂಡಳು.

"ಯಾಕಪ್ಪ ನಿಲ್ಲಿಸಿದೆ?"

"ಇದು ನಮ್ಮನೆ."

"ಗೊತ್ತು."

"ಅಕ್ಕನ ಮದುವೆ ಆಗ್ಬೇಕು. ಸರ್ಕಾರಿ ಕಾಗದಕ್ಕೆ ಹತ್ತಿಬಿಟ್ರೆ..."

"ಕೋಲಾರಕ್ಕೆ ಹೆಸರು ಹೋಗಲ್ಲ, ಬರೀ ಲೆಕ್ಕ ಹೋಗುತ್ತೆ. ನೀನು ಬರೀದಿದ್ರೆ ನಾನೇ ಬರೀತೀನಿ, ಅದೇನು ದೊಡ್ಡ ವಿಷಯ ಅಲ್ಲ. ಆದ್ರೆ ಡಾಕ್ಟರುಗಳು ಬಂದ ದಿನ ಆ ಮಗೂನ ಕೈ ಹಿಡ್ಕೊಂಡು ಬರೋರು ಯಾರಪ್ಪ? ಅಣ್ಣನೇ ಅವಳಿಲ್ಲ ಅಂತ ಬರೆದ ಮೇಲೆ?"

ನನ್ನ ಮೇಲೆ ನನಗೇ ಹೇಸಿಗೆಯಾಯಿತು. ನಾನೇ ಬರೆದೆ.

ಕಾಗದ ಸಹಿಗೆ ಹೋದಾಗ ಶಿರಸ್ತೇದಾರರು ಕೆಂಡವಾದರು. ದಾಕಿನಪ್ಪನವರನ್ನು ಅಮಲ್ದಾರರ ಎದುರಿಗೇ ನಿಲ್ಲಿಸಿಕೊಂಡು, "ದಾಕು ಹಾಕೋದು ನಿನ್ನ ಕೆಲಸ. ಷರಾದಲ್ಲಿ ಕತೆ ಬರಿ ಅಂತ ನಿಂಗೆ ಯಾರು ಹೇಳಿದ್ರು? ಶ್ಯಾನುಭೋಗರೆಲ್ಲ ಸಹಿ ಮಾಡಿ ಇಲ್ಲ ಅಂದಿದಾರೆ!" ಎಂದು ಕೂಗಾಡಿದರು.

ದಾಕಿನಪ್ಪ ಪುಸ್ತಕಗಳ ಕಟ್ಟನ್ನು ಮೇಜಿನ ಮೇಲಿಟ್ಟರು. "ಹಾಗಾದ್ರೆ ನನ್ನ ಪುಸ್ತಕ ಸುಳ್ಳು ಅಂತ ಬರೆದು ಸಹಿ ಹಾಕಿ ಕೊಡಿ ಸ್ವಾಮಿ. ಪ್ರತಿ ವರ್ಷ ಇದನ್ನೇ ನೋಡ್ಕೊಂಡು ತಾಲ್ಲೂಕಿಗೆಲ್ಲ ದಾಕಾಗಿದೆ ಅಂತ ಕೋಲಾರಕ್ಕೆ ಬರೀತೀರಲ್ಲ, ಆಗ ಅದೂ ಸುಳ್ಳಾಗುತ್ತೆ. ಇನ್ನೊಂದ್ ಮಾತು. ಮಹಾರಾಜರ ಪುಸ್ತಕದಲ್ಲಿ ಕುರುಡರಿದಾರೆ. ಸ್ವರಾಜ್ಯ ಬಂದ ದಿನ ಎಲ್ಲರಿಗೂ ಕಣ್ಣು ಬಂದುಬಿಡ್ತಾ? ನಂಗ್ಯಾಕೆ ಬರಲಿಲ್ಲ?"

ಅಮಲ್ದಾರರು ಆ ಬಿಳಿ ಕಣ್ಣನ್ನು ನೋಡಿದರು. ಕಾಗದವನ್ನು ಹತ್ತಿರ ಎಳೆದುಕೊಂಡು ಸಹಿ ಮಾಡಿದರು. ಶಿರಸ್ತೇದಾರರು ಮರೆಯುವವರಲ್ಲ, ತಿಂಗಳೊಳಗೆ ದಾಕಿನಪ್ಪನವರನ್ನು ಆಂಧ್ರದ ಗಡಿಯ ಹಳ್ಳಿಗಳಿಗೆ ಎತ್ತಿ ಹಾಕಿಸಿದರು. "ಅಲ್ಲೂ ಮಕ್ಕಳಿದಾರೆ ಬಿಡಪ್ಪ" ಎಂದು ದಾಕಿನಪ್ಪ ಸೈಕಲ್ ಹತ್ತಿದರು. ನನಗೆ ಮಾತ್ರ ಆ ಶಿರಸ್ತೇದಾರರ ಮೇಲಿನ ಸಿಟ್ಟು ಇನ್ನೂ ಹೋಗಿಲ್ಲ, ಹೋಗುವುದೂ ಬೇಡ.

ಡಾಕ್ಟರುಗಳ ತಂಡ ಬರುವ ಹಿಂದಿನ ದಿನ ದಾಕಿನಪ್ಪ ಗಡಿಯಿಂದ ಸೈಕಲ್ ತುಳಿದುಕೊಂಡು ನಮ್ಮ ಮನೆಗೆ ಬಂದರು. ಅಮ್ಮನನ್ನು ಒಪ್ಪಿಸಲು ನನ್ನಿಂದ ಆಗಿರಲಿಲ್ಲ. ಅಮ್ಮ ಬಾಗಿಲಿಗೆ ಅಡ್ಡ ನಿಂತು, "ಹುಳ ಜ್ವರಕ್ಕೆ ಕೂತಿದೆ, ಒಳಗೆ ಬರಬೇಡಿ" ಅಂದಳು.

"ನಾನು ಒಳಗೆ ಬರಲ್ಲ ತಾಯಿ. ನೀವೇ ಮಗೂನ ಹೊರಗೆ ಕಳಿಸಿ. ಹುಳಕ್ಕೆ ಮಾಡೋ ಜೋಪಾನ ಅದಕ್ಕೂ ಮಾಡಿ."

"ದೊಡ್ಡೋಳ ಗತಿ ಏನು? ಅವಳನ್ನ ನೀವು ಮದುವೆ ಮಾಡಿಸ್ತೀರಾ?" ಅಮ್ಮ ಅಳುತ್ತಲೇ ಜಗಳಕ್ಕೆ ನಿಂತಳು.

ಉತ್ತರ ಬಂದದ್ದು ಒಳಗಿನಿಂದ. ಅಕ್ಕ ತಂಗಿಗೆ ಹೊಸ ಲಂಗ ಉಡಿಸಿ, ಕೈ ಹಿಡಿದು, ಅಮ್ಮನನ್ನು ಪಕ್ಕಕ್ಕೆ ಸರಿಸಿಕೊಂಡೇ ಹೊರಗೆ ಬಂದಳು. "ಇವಳಿದಾಳೆ ಅಂತ ಬೇಡ ಅನ್ನೋ ಗಂಡು ನಂಗೂ ಬೇಡ ಕಣಮ್ಮ" ಅಂದಳು. ಎರಡು ವರ್ಷದ ನಂತರ ಅಕ್ಕನಿಗೆ ಒಳ್ಳೆಯ ಕಡೆಯೇ ಮದುವೆಯಾಯಿತು. ಅಷ್ಟರಲ್ಲಿ ತಂಗಿ ಮೈಸೂರಿನ ಶಾಲೆಯಿಂದ ತನ್ನ ಕೈಯಾರೆ ಕಾಗದ ಬರೆಯುತ್ತಿದ್ದಳು. ನನಗೆ ಒಂದು ಬರೆದರೆ ದಾಕಿನಪ್ಪನವರಿಗೆ ಎರಡು.

ಪೆನ್ಷನ್ ಆದ ಮೇಲೆ ಅವರು ತಮ್ಮ ಊರಿನಲ್ಲಿ ಒಬ್ಬರೇ ಇದ್ದರು. ಹೆಂಡತಿ ಮೊದಲೇ ಹೋಗಿದ್ದರು, ಮಕ್ಕಳಾಗಿರಲಿಲ್ಲ. ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು, ಒಂದು ಬೇಸಿಗೆಯಲ್ಲಿ ಜ್ವರ ಬಂದು ಮೂರೇ ದಿನಕ್ಕೆ ತೀರಿಕೊಂಡರು. ರಜೆಗೆ ಬಂದಿದ್ದ ತಂಗಿಗೆ ಆಗ ಹದಿನೇಳು. ನಾನು ಬೇಡವೆಂದರೂ ಕೇಳದೆ ಹೊರಟಳು. ಮಣ್ಣಾದ ಮಾರನೆಯ ದಿನ ಸಾವನ್ನು ದಾಖಲು ಮಾಡಿಸಲು ನಾವಿಬ್ಬರೂ ಆ ಊರಿನ ಪಟೇಲರ ಮನೆಗೆ ಹೋದೆವು.

ಪಟೇಲರು ಪುಸ್ತಕ ಬಿಚ್ಚಿ, "ವರದಿ ಕೊಡೋರು ಯಾರಪ್ಪ?" ಎಂದರು. ನಾನು ಮುಂದೆ ಬರುವ ಮೊದಲೇ ತಂಗಿ ಪೆನ್ನಿಗೆ ಕೈ ಹಾಕಿದಳು.

"ಈ ಹುಡುಗಿಗೆ ಮಾತೇ ಬರಲ್ವಲ್ಲಪ್ಪ. ಇವಳು ವರದಿ ಹೆಂಗೆ ಕೊಡ್ತಾಳೆ?"

"ಬರೆಯೋಕೆ ಬಾಯಿ ಯಾಕೆ ಬೇಕು ಪಟೇಲ್ರೇ?" ಎಂದೆ. ನನ್ನ ದನಿ ಏರಿತ್ತು.

ಅವಳು ಅವರ ಹೆಸರು, ವಯಸ್ಸು, ಜ್ವರ, ಎಲ್ಲವನ್ನೂ ದುಂಡಗೆ ಬರೆದು ಕೆಳಗೆ ತನ್ನ ಸಹಿ ಹಾಕಿದಳು. ಅದರ ಪಕ್ಕದಲ್ಲಿ, ವರದಿ ಕೊಟ್ಟವರು ಸತ್ತವರಿಗೆ ಏನಾಗಬೇಕು ಎಂದು ಕೇಳುವ ಕಾಲಂ ಇತ್ತು. ಅಲ್ಲಿ ಸ್ವಲ್ಪ ಹೊತ್ತು ಪೆನ್ನು ನಿಲ್ಲಿಸಿ, ಆಮೇಲೆ "ಮಗಳು" ಎಂದು ಬರೆದಳು.

ಪಟೇಲರು ನನ್ನ ಮುಖ ನೋಡಿದರು. ಸರ್ಕಾರಿ ನೌಕರನಾಗಿ ಅದನ್ನು ಹೊಡೆದುಹಾಕಿಸುವುದು ನನ್ನ ಕರ್ತವ್ಯವಾಗಿತ್ತು.

"ಸರಿಯಾಗಿದೆ, ನಿಮ್ಮ ಸಹಿ ಹಾಕಿ" ಎಂದೆ.