ಬಾಗಿಲಿಂದ ಒಲೆಯವರೆಗೆ

ಎದುರು ಮನೆಗೆ ಹೊಸದಾಗಿ ನೆಲ ಹಾಕಿಸುತ್ತಿದ್ದಾರೆ. ಬೆಳಿಗ್ಗೆ ಕಿಟಕಿ ತೆಗೆದೊಡನೆ ಹಸಿ ಸಿಮೆಂಟಿನ ವಾಸನೆ ಒಳಗೆ ನುಗ್ಗಿತು. ಹಾಲು ಕಾಯಿಸುತ್ತಿದ್ದವಳು ಹಾಗೆಯೇ ನಿಂತುಬಿಟ್ಟೆ... ಮಗ್ಗಲ ಮನೆಯ ಅಕ್ಕ ನೆನಪಾದಳು.

ಮುದ್ದೇಬಿಹಾಳದಲ್ಲಿ ನಾವು ಬಾಡಿಗೆಗಿದ್ದ ಮನೆಗೂ ಅಕ್ಕನ ಮನೆಗೂ ನಡುವೆ ಒಂದೇ ಗೋಡೆ. ಚಿಕ್ಕಂದಿನಲ್ಲಿ ಪೋಲಿಯೊ ಬಂದು ಅವಳ ಎರಡೂ ಕಾಲು ಹೋಗಿದ್ದವು. ಅಂಗೈ ಊರಿ, ಮೈ ಎತ್ತಿ ಮುಂದಿಟ್ಟು, ಕೂತಲ್ಲಿಂದಲೇ ಸರಿಯುತ್ತ ಬರುತ್ತಿದ್ದಳು. ಓಣಿಯ ಹೆಂಗಸರಿಗೆಲ್ಲ ಜಂಪರು ಹೊಲಿದುಕೊಡುತ್ತಿದ್ದಳು. ಮಧ್ಯಾಹ್ನ ಕೆಲಸ ಮುಗಿಸಿ ನಮ್ಮ ಮನೆಯ ಕಲ್ಲುನೆಲದ ಮೇಲೆ ಸರಿದು ಬಂದು, ಒಲೆಯ ಪಕ್ಕ ಕೂತು ನನ್ನ ಜೊತೆ ಚಹಾ ಕುಡಿಯುತ್ತಿದ್ದಳು. ನನಗೆ ಜ್ವರ ಬಂದಾಗ ಗಂಜಿಯ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಬಂದವಳೂ ಅವಳೇ.

ಆಮೇಲೆ ಅದೇ ಓಣಿಯ ಕೊನೆಯಲ್ಲಿ ನಾವೊಂದು ಸಣ್ಣ ಮನೆ ಕಟ್ಟಿಸಿದೆವು. ಜಾಗ ಕಡಿಮೆಯಿದ್ದುದರಿಂದ ಹಾಲಿಗೂ ಅಡುಗೆಮನೆಗೂ ನಡುವೆ ಗೋಡೆ ಎಬ್ಬಿಸಲಿಲ್ಲ. ಬಾಗಿಲಲ್ಲಿ ನಿಂತವರಿಗೆ ಒಲೆಯ ಮುಂದಿನ ನೆಲವೂ ಕಾಣುತ್ತದೆ, ಅದು ಚೆಂದ ಇರಬೇಕು ಎಂದು ನನಗೆ ಆಸೆ. ಟೈಲ್ಸ್ ಅಂಗಡಿಗೆ ಹೊರಟಾಗ ಅಕ್ಕ, "ನಾನೂ ಬರ್ತೇನಿ ತಂಗಿ, ನಿನ್ನ ಮನಿ ನೆಲ ನಾನೂ ನೋಡಬೇಕು" ಎಂದು ಜೊತೆಗೆ ಆಟೊ ಹತ್ತಿದಳು.

ಅಂಗಡಿಯವರು ಅಂಗಳದಲ್ಲೇ ಅವಳ ಮುಂದೆ ಎರಡು ಬಗೆ ಇಟ್ಟರು. ಒಂದು ಬೂದು ಬಣ್ಣದ್ದು, ಮುಟ್ಟಿದರೆ ಒರಟು. ಇನ್ನೊಂದು ಬಿಳಿ, ಮುಖ ಕಾಣುವಷ್ಟು ಹೊಳಪು. ನಾನು ಆಗಲೇ ಬಿಳಿಯದನ್ನು ಎತ್ತಿ ಹಿಡಿದಿದ್ದೆ. ಅಕ್ಕ ಎರಡರ ಮೇಲೂ ಅಂಗೈ ಆಡಿಸಿ, ನನ್ನನ್ನೊಮ್ಮೆ ನೋಡಿದಳು.

"ಬಿಳೀದs ತಗೋ. ಮನಿ ಬೆಳಕಾಗ್ತೈತಿ."

ಅವಳಿಗೂ ಹಿಡಿಸಿತಲ್ಲ ಎಂದು ನಾನು ಹಿಗ್ಗಿದೆ.

ಗೃಹಪ್ರವೇಶದ ದಿನ ಅಕ್ಕ ಹೊಸ ಸೀರೆ ಉಟ್ಟು ಎಲ್ಲರಿಗಿಂತ ಮುಂಚೆ ಬಂದಳು. ಆದರೆ ಹೊಸ್ತಿಲ ಹತ್ತಿರವೇ ಕೂತಳು. ನಮ್ಮತ್ತೆ ಒಳಗೆ ಕರೆದರೆ, "ಇಲ್ಲೇ ಗಾಳಿ ಛಲೋ ಐತ್ರಿ" ಅಂದಳು. ನಾನೂ ನಂಬಿದೆ. ಜನ ಊಟಕ್ಕೆ ಕೂತಾಗ ಅವಳು ಮೆಲ್ಲಗೆ ಒಳಗೆ ಕೈ ಊರಿದ್ದು ಕಂಡಿತು. ಅಂಗೈ ಸರ್ರನೆ ಜಾರಿ, ಬಾಗಿಲ ಚೌಕಟ್ಟಿಗೆ ಅವಳ ತಲೆ ಬಡಿಯಿತು. ಕೂಡಲೇ ಎದ್ದು ಕೂತು, ಕೈಯನ್ನು ಸೆರಗಿನೊಳಗೆ ಮುಚ್ಚಿಕೊಂಡು, ಯಾರಾದರೂ ನೋಡಿದರೇನೋ ಎಂದು ಸುತ್ತ ಕಣ್ಣಾಡಿಸಿದಳು. ಆ ನೋಟ...

ಓಡಿಹೋಗಿ ಪಕ್ಕದಲ್ಲಿ ಕೂತೆ. "ಅಂಗಡ್ಯಾಗs ಯಾಕ ಹೇಳಲಿಲ್ಲಕ್ಕಾ?"

"ಅದನ್ನ ಕೈಯಾಗ ಹಿಡದಾಗ ನಿನ್ನ ಮಾರಿ ನೋಡಿದ್ನೆಲ್ಲ, ಹೆಂಗ ಬ್ಯಾಡ ಅನ್ಲಿ? ಇರ್ಲಿ ಬಿಡು. ನಾ ಏನ್ ದಿನಾ ಬರ್ತೇನೇನು?"

ಹಳೆಯ ಮನೆಗೆ ಅವಳು ದಿನಾ ಬರುತ್ತಿದ್ದಳು. ಬಂದವರೆಲ್ಲ ನೆಲವನ್ನು ಹೊಗಳಿ ಹೋದರು. ನಾನು ತಲೆ ತಗ್ಗಿಸಿಕೊಂಡು ಬಡಿಸಿದೆ.

ನೆಲ ಬದಲಿಸೋಣ ಎಂದಾಗ, "ಹೊಸಾ ನೆಲಾ ಯಾರರ ಒಡಸ್ತಾರೇನು?" ಎಂದು ನಮ್ಮವರು ಸಿಟ್ಟಾದರು. ನಡೆದದ್ದನ್ನು ಹೇಳಿದೆ. ಮರುದಿನ ತಾವೇ ಗೌಂಡಿಯನ್ನು ಕರೆತಂದರು. ಬಾಗಿಲಿಂದ ಒಲೆಯವರೆಗಿನ ಬಿಳಿ ಒಡೆಸಿ, ಆ ಒರಟು ಬೂದು ಟೈಲ್ಸ್ ಹಾಕಿಸಿದೆವು. "ಹುಚ್ಚಿ ಅದಿ ನೀ" ಎಂದು ಬೈಯುತ್ತಲೇ ಅಕ್ಕ ಒಳಗೆ ಬಂದಳು. ಆಮೇಲೆ ಎಷ್ಟೋ ಮಧ್ಯಾಹ್ನ ಅಲ್ಲಿ ಕೂತು ಮೆಂತ್ಯೆ ಸೊಪ್ಪು ಬಿಡಿಸುತ್ತ, ಹಾಲಿನಲ್ಲಿದ್ದವರ ಜೊತೆ ಹರಟುತ್ತಿದ್ದಳು. ಆದರೆ ಬಿಳಿ ನೆಲದ ಕಡೆಗೆ ಒಮ್ಮೆಯೂ ಸರಿಯಲಿಲ್ಲ. ಬೂದು ನೆಲದ ಅಂಚು ಬಂದಲ್ಲಿಗೆ ತಾನಾಗಿ ನಿಲ್ಲುತ್ತಿದ್ದಳು. ಪೂರ್ತಿ ನೆಲವನ್ನೇ ಯಾಕೆ ಬದಲಿಸಲಿಲ್ಲವೋ... ಅದನ್ನು ನೋಡಿದಾಗಲೆಲ್ಲ ಮುಜುಗರದಿಂದ ಕುಗ್ಗುತ್ತಿದ್ದೆ.

ಕೊನೆಗೆ ಅಕ್ಕನ ಮೈಯಲ್ಲಿ ಶಕ್ತಿ ಇಳಿದಾಗ, ಅವಳ ತಮ್ಮ ತನ್ನೂರು ತಾಂಬಾಕ್ಕೆ ಕರೆದುಕೊಂಡು ಹೋದ. ತೀರಿಕೊಂಡ ಸುದ್ದಿ ಬಂದಾಗ ಮಣ್ಣು ಮಾಡಿ ಮುಗಿದುಹೋಗಿತ್ತು. ಮುಖ ನೋಡಲಿಕ್ಕೂ ಆಗಲಿಲ್ಲ.

ಮನೆಗೆ ಬಂದವರು ಈಗಲೂ ಕೇಳುತ್ತಾರೆ, ನೆಲಕ್ಕೆ ಎರಡು ಬಣ್ಣ ಯಾಕೆಂದು. ಅಂಗಡಿಯಲ್ಲಿ ಬಿಳಿ ಮುಗಿದಿತ್ತು ಅನ್ನುತ್ತೇನೆ. ಅಕ್ಕನಿಗಾಗಿ ಹಾಕಿಸಿದ್ದು ಎಂದರೆ ನನ್ನ ಮನಸ್ಸು ದೊಡ್ಡದು ಎಂದುಬಿಡುತ್ತಾರೆ. ಅದನ್ನು ಯಾವ ಮುಖ ಇಟ್ಟುಕೊಂಡು ಕೇಳಿಸಿಕೊಳ್ಳಲಿ?